ಮೈದಾನದಲ್ಲಿ ಸೈಕಲ್ ಬರುತ್ತದೆ, ರಸ್ತೆಗಿಳಿದರೆ ಕೈಕಾಲು ನಡುಕ. ಏನು ಮಾಡಲಿ?

ಹನುಮಂತನಗರದ ಹೊಸಬಳು
ಎಲ್ಲರಿಗೂ ನಮಸ್ಕಾರ. ನನಗೀಗ 42. ಸೈಕಲ್ ಕಲಿತದ್ದು ಈ ವರ್ಷ. ನಗಬೇಡಿ. ಚಿಕ್ಕವಳಿದ್ದಾಗ ಮನೆಯಲ್ಲಿದ್ದ ಒಂದೇ ಸೈಕಲ್ ಅಣ್ಣನದು, ಅದನ್ನು ಒರೆಸುವುದಕ್ಕೆ ಮಾತ್ರ ನನಗೆ ಅಪ್ಪಣೆ. ಆಮೇಲೆ ಬಸ್ಸು, ಆಟೋ, ಯಜಮಾನರ ಗಾಡಿಯ ಹಿಂದಿನ ಸೀಟು, ಹೀಗೇ ಆಗಿಹೋಯಿತು. ಈಗ ಮಗಳು ಹಾಸ್ಟೆಲ್ ಸೇರಿದ್ದಾಳೆ, ಅವಳ ಗೇರ್ ಸೈಕಲ್ ಪಾರ್ಕಿಂಗ್‌ನಲ್ಲಿ ಧೂಳು ಹಿಡಿದು ನಿಂತಿತ್ತು. ಆರು ಭಾನುವಾರ ಹತ್ತಿರದ ಶಾಲೆ ಮೈದಾನಕ್ಕೆ ಹೋಗಿ ಬ್ಯಾಲೆನ್ಸ್ ಕಲಿತೆ. ಎರಡು ಸಲ ಬಿದ್ದೆ, ಒಂದು ಸಲ ವಾಲಿಬಾಲ್ ಕಂಬಕ್ಕೆ ಹೋಗಿ ಗುದ್ದಿದೆ. ಇಡೀ ಮೈದಾನದಲ್ಲಿ ಇದ್ದದ್ದು ಅದೊಂದೇ ಕಂಬ.

ಆಫೀಸು ಜಯನಗರ 4ನೇ ಬ್ಲಾಕ್ ಹತ್ತಿರ, ಮನೆಯಿಂದ ನಾಲ್ಕು ಕಿಲೋಮೀಟರ್ ಆಸುಪಾಸು. ಸೈಕಲ್‌ನಲ್ಲೇ ಹೋಗಬೇಕು ಅಂತ ಆಸೆ. ಸೋಮವಾರ ಧೈರ್ಯ ಮಾಡಿ ಮುಖ್ಯರಸ್ತೆಗೆ ಬಂದೆ. ಹಿಂದಿನಿಂದ ಬಸ್ಸಿನವನು ಒಂದೇ ಒಂದು ಹಾರನ್ ಹೊಡೆದ. ಹ್ಯಾಂಡಲ್ ಗಡಗಡ ಅಂತು, ಇಳಿದುಬಿಟ್ಟೆ. ಅಲ್ಲಿಂದ ತಳ್ಳಿಕೊಂಡೇ ವಾಪಸ್. ಹಾಲಿನ ಬೂತಿನವರು "ಪಂಕ್ಚರ್ ಆಯ್ತಾ ಮೇಡಂ" ಅಂತ ಕೇಳಿದರು. ಹೂಂ ಅಂದೆ.

ದೊಡ್ಡ ಸಮಸ್ಯೆ ಏನೆಂದರೆ ನನಗೆ ಹಿಂದೆ ತಿರುಗಿ ನೋಡಲು ಬರುವುದಿಲ್ಲ. ಕತ್ತು ಯಾವ ಕಡೆ ತಿರುಗುತ್ತದೋ ಸೈಕಲ್ಲೂ ಆ ಕಡೆಗೇ. ಕೈ ತೋರಿಸುವುದಂತೂ ದೂರದ ಮಾತು. ದೊಡ್ಡವರಾದ ಮೇಲೆ ಕಲಿತವರು ಯಾರಾದರೂ ಇದ್ದೀರಾ? ಈ ಭಯ ಹೋಗುತ್ತಾ?

ಟಿಫನ್ ಡಬ್ಬಿ
ಪಂಕ್ಚರ್ ಅಂತ ಸುಳ್ಳು ಹೇಳದ ಸೈಕಲ್ ಸವಾರ ಈ ಊರಲ್ಲಿ ಯಾರಿದ್ದಾರೆ ಮೇಡಂ.

ಕಡ್ಡಿ ಪೈಲ್ವಾನ್
ಆ ಕಂಬದಲ್ಲೇ ನಿಮ್ಮ ಅರ್ಧ ಉತ್ತರ ಇದೆ ಅಕ್ಕ. ಸೈಕಲ್ ನೀವು ನೋಡಿದ ಕಡೆಗೆ ಹೋಗುತ್ತದೆ. ಕಂಬ ತಪ್ಪಿಸಬೇಕು, ಕಂಬ ತಪ್ಪಿಸಬೇಕು ಅಂತ ಅದನ್ನೇ ನೋಡಿದಿರಿ, ಅಲ್ಲಿಗೇ ಹೋಯಿತು. ಗುಂಡಿಯೂ ಹಾಗೆಯೇ. ಗುಂಡಿಯನ್ನು ಒಮ್ಮೆ ನೋಡಿ, ಆಮೇಲೆ ಅದರ ಪಕ್ಕದಲ್ಲಿ ನೀವು ಹೋಗಬೇಕಾದ ಜಾಗ ನೋಡಿ. ಮುಂದಿನ ಚಕ್ರ ಅಂತೂ ನೋಡಲೇಬೇಡಿ, ಅದು ಎಲ್ಲೂ ಓಡಿಹೋಗುವುದಿಲ್ಲ.

ಹಿಂದೆ ನೋಡುವುದು ರಸ್ತೆಯಲ್ಲಿ ಕಲಿಯುವ ವಿದ್ಯೆ ಅಲ್ಲ, ಇನ್ನೆರಡು ಭಾನುವಾರ ಅದಕ್ಕೇ ಮೈದಾನಕ್ಕೆ ಹೋಗಿ. ಸುಣ್ಣದ ಪುಡಿಯಲ್ಲಿ ಮೂವತ್ತು ಹೆಜ್ಜೆ ಉದ್ದದ ಗೆರೆ ಎಳೆಯಿರಿ. ಯಜಮಾನರನ್ನು ಹಿಂದೆ ನಿಲ್ಲಿಸಿ. ನೀವು ಗೆರೆ ಮೇಲೆ ಹೋಗುವಾಗ ಅವರು ಕೂಗಬೇಕು, ನೀವು ಬಲಕ್ಕೆ ತಿರುಗಿ ಅವರು ಎಷ್ಟು ಬೆರಳು ಎತ್ತಿದ್ದಾರೆ ಅಂತ ಹೇಳಬೇಕು. ಮೊದಲ ದಿನ ಗೆರೆ ಬಿಟ್ಟು ಒಂದು ಮಾರು ಆಚೆ ಹೋಗುತ್ತೀರಿ. ಯಾಕೆಂದರೆ ಭುಜ ತಿರುಗಿದಾಗ ಬಲಗೈ ಹ್ಯಾಂಡಲ್ಲನ್ನು ಹಿಂದಕ್ಕೆ ಎಳೆಯುತ್ತದೆ. ಮೊಣಕೈ ಸಡಿಲ ಬಿಡಿ, ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ, ಗಲ್ಲವನ್ನು ಭುಜದ ಮೇಲೆ ಇಟ್ಟಂತೆ ಕತ್ತು ಮಾತ್ರ ತಿರುಗಿಸಿ. ಆಗಲೂ ಆಗದಿದ್ದರೆ ಬಲಗೈ ತೆಗೆದು ತೊಡೆ ಮೇಲಿಟ್ಟುಕೊಂಡು ನೋಡಿ, ಎಷ್ಟೋ ಜನಕ್ಕೆ ಅದೇ ಸುಲಭ. ಅಲ್ಲಿಗೆ ಒಂದು ಕೈ ಬಿಡುವುದೂ ಬಂತು, ಕೈ ತೋರಿಸುವುದೂ ಬಂತು.

ಮೂರನೇ ಕ್ರಾಸ್
ಸುಮ್ನೆ ಒಂದು ಕನ್ನಡಿ ಹಾಕಿಸಿಕೊಂಡರೆ ಆಗಲ್ವಾ?

ಕಡ್ಡಿ ಪೈಲ್ವಾನ್
ಹಾಕಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ನೀವು ಕತ್ತು ತಿರುಗಿಸಿದ್ದು ಹಿಂದಿನವನಿಗೂ ಕಾಣುತ್ತದೆ. "ಇವರು ಏನೋ ಮಾಡುತ್ತಾರೆ" ಅಂತ ಅವನು ನಿಧಾನ ಮಾಡುತ್ತಾನೆ. ಕನ್ನಡಿಯಲ್ಲಿ ನೀವು ನೋಡಿದ್ದು ಅವನಿಗೇನು ಗೊತ್ತು?

ಹಳೇ ಪೇಟೆ
ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಬಾಡಿಗೆ ಅಂಗಡಿಯಿಂದ ಗಂಟೆ ಲೆಕ್ಕದಲ್ಲಿ ಸೈಕಲ್ ತಂದು, ಸೀಟಿನ ಮೇಲೆ ಕೂತರೆ ಕಾಲು ಎಟುಕದೆ, ಫ್ರೇಮಿನ ಸಂದಿನಲ್ಲಿ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತೆವು. ಮಂಡಿ ತರಚಿದರೆ ಮಣ್ಣು ಉಜ್ಜಿಕೊಂಡು ಮತ್ತೆ ಹತ್ತುತ್ತಿದ್ದೆವು, ಲೇಟಾದರೆ ಇನ್ನೊಂದು ಗಂಟೆ ಬಾಡಿಗೆ ಕೊಡಬೇಕಲ್ಲ. ಈಗ ಗೆರೆಯಂತೆ, ಬೆರಳಂತೆ. ಬಿದ್ದು ಎದ್ದರೆ ತಾನೇ ಬರುತ್ತದೆ.

ಸಾರಿ ಗಾರ್ಡ್
ಸರ್, ನಿಮ್ಮ ಕಾಲದಲ್ಲಿ ಆ ಬಾಡಿಗೆ ಅಂಗಡಿ ಮುಂದೆ ಎಷ್ಟು ಹುಡುಗಿಯರು ನಿಂತಿರುತ್ತಿದ್ದರು? ಅಕ್ಕನ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ, ಯೋಚನೆ ಮಾಡಿ. ನಮ್ಮೂರಲ್ಲಿ ಹುಡುಗಿಯರು ಸಾಲಾಗಿ ಸೈಕಲ್ ಹೊಡೆದದ್ದನ್ನು ನಾನು ನೋಡಿದ್ದು 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ. ನನ್ನ ತಂಗಿಗೆ ಬಂತು, ನನಗೆ ಬರಲಿಲ್ಲ, ನಾನು ಆಗಲೇ ಪಿಯುಸಿ. ನಾನೂ ಕಲಿತದ್ದು ಮೂವತ್ತು ದಾಟಿದ ಮೇಲೆ, ಅದೂ ತಂಗಿಯ ಅದೇ ತುಕ್ಕು ಹಿಡಿದ ಸೈಕಲ್‌ನಲ್ಲಿ.

ಅಕ್ಕ, ನಿಮಗೊಂದು ಮಾತು. ವೇಲ್ ಹಾಕುತ್ತಿದ್ದರೆ ಹಿಂದೆ ಗಂಟು ಹಾಕಿ ಅಥವಾ ಬ್ಯಾಗಿಗೆ ತುರುಕಿ. ಗೇರ್ ಸೈಕಲ್‌ಗೆ ಸಾಮಾನ್ಯವಾಗಿ ಚೈನ್ ಕವರ್ ಇರುವುದಿಲ್ಲ, ಹಿಂದಿನ ಚಕ್ರಕ್ಕೆ ಜಾಲರಿಯೂ ಇರುವುದಿಲ್ಲ. ಚೂಡಿದಾರದ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ನನ್ನ ಒಂದು ಒಳ್ಳೆ ಪ್ಯಾಂಟು ಚೈನಿಗೇ ಹೋಯಿತು.

ಹಳೇ ಪೇಟೆ
ಸರಿ ತಾಯಿ, ಒಪ್ಪಿದೆ. ನಮ್ಮ ಬೀದಿಯಲ್ಲಿ ಒಬ್ಬಳೂ ಇರಲಿಲ್ಲ. ಅದು ನನಗೆ ಇವತ್ತಿನವರೆಗೆ ಹೊಳೆದಿರಲಿಲ್ಲ.

ಗಂಗೋತ್ರಿ ಗಾಳಿ
ನಾನು ಮೈಸೂರಿನವನು. ಇಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ನಾನೂ ನಿಮ್ಮ ಹಾಗೆಯೇ ಇದ್ದೆ, ಬ್ಯಾಲೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಮೈದಾನದಿಂದ ನೇರ ಮುಖ್ಯರಸ್ತೆಗೆ ಹೋದದ್ದು ನಿಮ್ಮ ತಪ್ಪು. ನಡುವೆ ಒಂದು ಮೆಟ್ಟಿಲು ಬೇಕು. ನನಗೆ ಮಾನಸಗಂಗೋತ್ರಿ ಒಳಗಿನ ರಸ್ತೆಗಳು ಸಿಕ್ಕವು. ಅಗಲ ರಸ್ತೆ, ಮರ, ಆಗೊಮ್ಮೆ ಈಗೊಮ್ಮೆ ಒಂದು ಕಾರು. ಒಂದು ತಿಂಗಳು ಅಲ್ಲೇ ಸುತ್ತಿದೆ.

ಸೀಟು ಎಷ್ಟು ಎತ್ತರಕ್ಕೆ ಇಟ್ಟಿದ್ದೀರಿ? ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ತಗ್ಗಿದ್ದರೆ ಮಂಡಿ ನೋವು ಗ್ಯಾರಂಟಿ.

ಮೂರನೇ ಕ್ರಾಸ್
ಹೊಸದಾಗಿ ಕಲಿತವರಿಗೆ ಅಷ್ಟು ಎತ್ತರ ಯಾಕೆ ಸರ್? ಕಾಲು ನೆಲಕ್ಕೆ ಸಿಗಲಿಲ್ಲ ಅಂದರೆ ಮೊದಲ ಸಿಗ್ನಲ್‌ನಲ್ಲೇ ಬೀಳುತ್ತಾರೆ.

ಗಂಗೋತ್ರಿ ಗಾಳಿ
ಸೀಟಿನ ಮೇಲೆ ಕೂತೇ ಕಾಲೂರಬೇಕು ಅಂತ ಯಾರು ಹೇಳಿದರು? ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಇಳಿದು ಎಡಗಾಲು ಊರಬೇಕು. ಆದರೂ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಈಗ ತಗ್ಗಾಗಿಯೇ ಇರಲಿ, ವಾರಕ್ಕೆ ಒಂದು ಬೆರಳಿನಷ್ಟು ಏರಿಸುತ್ತಾ ಹೋಗಲಿ.

ಕಿರಿಕ್ ಪೆಡಲ್
ನನ್ನ ಸಲಹೆ ಒಂದೇ. ರಸ್ತೆಯ ಎಡಗಡೆ ತುದಿ, ಚರಂಡಿ ಪಕ್ಕ ಬಿಟ್ಟು ಒಂದಿಂಚೂ ಆಚೆ ಬರಬೇಡಿ. ಯಾವ ಬಸ್ಸಿನವನೂ ಮುಟ್ಟಲ್ಲ.

ಕಡ್ಡಿ ಪೈಲ್ವಾನ್
ಇದು ಖಂಡಿತ ತಪ್ಪು, ದಯವಿಟ್ಟು ಹೊಸಬರಿಗೆ ಹೇಳಬೇಡಿ. ತುದಿಯಲ್ಲಿ ಏನಿರುತ್ತದೆ? ಮರಳು, ಜಲ್ಲಿ, ಎಳನೀರು ಬುರುಡೆ, ಮೋರಿಯ ಕಬ್ಬಿಣದ ಜಾಲರಿ. ಜಾಲರಿಯ ಸಂದು ಉದ್ದಕ್ಕೆ ಇದ್ದರೆ ಟೈರು ನೇರ ಒಳಕ್ಕೆ. ಇನ್ನೊಂದು, ತುದಿಗೆ ಅಂಟಿಕೊಂಡವರನ್ನು ನೋಡಿದರೆ ಹಿಂದಿನವನಿಗೆ "ಓ, ಜಾಗ ಇದೆ" ಅನಿಸುತ್ತದೆ, ಇಲ್ಲದ ಸಂದಿನಲ್ಲಿ ನುಗ್ಗುತ್ತಾನೆ. ಆಗ ನಿಮಗೆ ತಪ್ಪಿಸಿಕೊಳ್ಳಲು ಎಡಕ್ಕೆ ಜಾಗವೇ ಇಲ್ಲ. ತುದಿಯಿಂದ ಒಂದು ಮೀಟರ್ ಬಿಟ್ಟು ನೇರವಾಗಿ ಹೋಗಿ. ನಿಂತ ಕಾರುಗಳ ಸಾಲು ಇದ್ದರೆ ಅವುಗಳಿಂದಲೂ ಒಂದು ಮೀಟರ್. ಎರಡು ಕಾರುಗಳ ನಡುವೆ ಖಾಲಿ ಜಾಗ ಸಿಕ್ಕಿತು ಅಂತ ಒಳಗೆ ನುಸುಳಿ ಮತ್ತೆ ಹೊರಗೆ ಬರುವುದು ಬೇಡ.

ಟಿಫನ್ ಡಬ್ಬಿ
ಕಾರಿನ ಬಾಗಿಲಿನ ಬಗ್ಗೆ ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಗಾಂಧಿ ಬಜಾರ್ ಕಡೆ ಹೋಗುತ್ತಿದ್ದೆ, ನಿಂತ ಕಾರಿನ ಬಲಬಾಗಿಲು ದಢಕ್ಕನೆ ತೆರೆಯಿತು. ಬ್ರೇಕ್ ಹಿಡಿಯುವುದಕ್ಕೂ ಟೈಮಿಲ್ಲ. ಬಾಗಿಲ ಅಂಚಿಗೆ ಬೆರಳು ಸಿಕ್ಕಿತು, ಕ್ಯಾರಿಯರ್ ಮೇಲಿದ್ದ ಟಿಫನ್ ಡಬ್ಬಿ ಬಾಯಿ ಬಿಟ್ಟು ಬಿಸಿಬೇಳೆ ಬಾತ್ ರಸ್ತೆ ಪಾಲು. ಇಳಿದ ಯಜಮಾನ್ರು ಮೊದಲು ಬಾಗಿಲಿನ ಪೇಂಟ್ ಉಜ್ಜಿ ನೋಡಿದರು, ಆಮೇಲೆ ನನ್ನ ಕೈ. ಅವತ್ತಿನಿಂದ ನಿಂತ ಕಾರಿನ ಒಳಗೆ ತಲೆ ಕಾಣುತ್ತದಾ, ಬ್ರೇಕ್ ಲೈಟ್ ಈಗಷ್ಟೇ ಆರಿತಾ ಅಂತ ನೋಡಿಕೊಂಡೇ ಹೋಗುತ್ತೇನೆ.

ಐಂಡ್‌ಹೋವನ್ ಕನ್ನಡಿಗ
ನಾನಿರುವುದು ನೆದರ್ಲೆಂಡ್ಸ್‌ನಲ್ಲಿ. ಇಲ್ಲಿ ಕಾರಿನ ಬಾಗಿಲನ್ನು ಬಾಗಿಲ ಕಡೆಯ ಕೈಯಲ್ಲಿ ಅಲ್ಲ, ಆಚೆ ಕೈಯಲ್ಲಿ ತೆಗೆಯುವುದನ್ನು ರೂಢಿ ಮಾಡಿಸುತ್ತಾರೆ. ಆಗ ಮೈ ತಿರುಗುತ್ತದೆ, ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಡ್ರೈವರ್ ಸೀಟಿನಲ್ಲಿ ಕೂತವರು ಎಡಗೈಯಲ್ಲಿ ತೆಗೆದರೆ ಆಯಿತು. ಮಕ್ಕಳಿಗೆ ಹನ್ನೊಂದು ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯಲ್ಲೇ ಟ್ರಾಫಿಕ್ ಪರೀಕ್ಷೆ ಇರುತ್ತದೆ, ಬರೆಯುವುದೂ ಇದೆ, ರಸ್ತೆಯಲ್ಲಿ ಸೈಕಲ್ ಹೊಡೆದು ತೋರಿಸುವುದೂ ಇದೆ. ಹೆಲ್ಮೆಟ್ ಮಾತ್ರ ಹೆಚ್ಚಿನವರು ಹಾಕುವುದಿಲ್ಲ.

ಕಿರಿಕ್ ಪೆಡಲ್
ನೋಡಿ, ಅವರೇ ಹಾಕಲ್ಲ. ಇಲ್ಲೂ ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯ ಇಲ್ಲ. ಸುಮ್ನೆ ದುಡ್ಡು ದಂಡ.

ಸಾರಿ ಗಾರ್ಡ್
ಅಲ್ಲಿ ಸೈಕಲ್‌ಗೆ ಬೇರೆ ದಾರಿ ಇದೆ ಗುರು. ನಮ್ಮಲ್ಲಿ ಬಣ್ಣ ಹೊಡೆಯದ ಹಂಪ್ ಇದೆ. ಅಕ್ಕ, ಹೆಲ್ಮೆಟ್ ಹಾಕಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿರಬೇಕು. ಹಣೆ ಪೂರ್ತಿ ಕಾಣುವ ಹಾಗೆ ಹಿಂದಕ್ಕೆ ಸರಿಸಿಕೊಂಡು ಹಾಕುವವರೇ ಜಾಸ್ತಿ, ಅದರಿಂದ ಏನೂ ಪ್ರಯೋಜನ ಇಲ್ಲ.

ಮೂರನೇ ಕ್ರಾಸ್
ನಾನು ಒಂದು ಹೇಳಲಾ? ನಾನು ಯಾವಾಗಲೂ ಎದುರು ಬರುವ ಗಾಡಿಗಳ ಕಡೆ ಮುಖ ಮಾಡಿಕೊಂಡೇ ಸೈಕಲ್ ಹೊಡೆಯುತ್ತೇನೆ. ಬರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಹಿಂದೆ ನೋಡುವ ತಾಪತ್ರಯವೇ ಇಲ್ಲ.

ಗಂಗೋತ್ರಿ ಗಾಳಿ
ಅಯ್ಯೋ ಬೇಡ! ಅದು ನಡೆಯುವವರಿಗೆ ಸರಿ. ನಡೆಯುವವನು ಥಟ್ಟನೆ ಪಕ್ಕಕ್ಕೆ ಹೆಜ್ಜೆ ಇಡುತ್ತಾನೆ, ಸೈಕಲ್ ಪಕ್ಕಕ್ಕೆ ಹೆಜ್ಜೆ ಇಡುತ್ತದಾ? ನೀವು 15ರಲ್ಲಿ, ಬೈಕು 40ರಲ್ಲಿ ಎದುರುಬದುರು ಬಂದರೆ 55ರ ವೇಗದಲ್ಲಿ ಹತ್ತಿರ ಆಗುತ್ತೀರಿ. ಒಂದೇ ದಿಕ್ಕಿನಲ್ಲಿ ಇದ್ದರೆ 25 ಅಷ್ಟೇ. ಅದಕ್ಕಿಂತ ದೊಡ್ಡದು ಅಡ್ಡರಸ್ತೆ. ಕ್ರಾಸಿನಿಂದ ಎಡಕ್ಕೆ ತಿರುಗುವವನು ಬಲಕ್ಕೆ ಮಾತ್ರ ನೋಡುತ್ತಾನೆ, ಗಾಡಿ ಬರುವುದು ಅಲ್ಲಿಂದ ತಾನೇ. ನೀವು ಅವನ ಎಡಗಡೆಯಿಂದ ಪ್ರತ್ಯಕ್ಷ ಆಗುತ್ತೀರಿ.

ಮೂರನೇ ಕ್ರಾಸ್
ಹಾಗೆ ಯೋಚಿಸಿರಲಿಲ್ಲ. ಹೋದ ತಿಂಗಳು ಒಬ್ಬ ಆಟೋದವರು ಬೈದದ್ದು ಯಾಕೆ ಅಂತ ಈಗ ಅರ್ಥ ಆಯಿತು.

ಧಾರವಾಡದ ಏರು
ಗೇರ್ ಬಗ್ಗೆ ಯಾರೂ ಹೇಳಲೇ ಇಲ್ಲ ನೋಡ್ರಿ. ಸಿಗ್ನಲ್ ಬಿಟ್ಟ ಕೂಡಲೇ ಹೊಸಬರು ತಡವರಿಸುವುದು ಭಯದಿಂದ ಅಷ್ಟೇ ಅಲ್ಲ, ಭಾರದ ಗೇರಿನಲ್ಲಿ ನಿಂತಿರುತ್ತಾರೆ. ನಿಲ್ಲಿಸುವುದಕ್ಕೆ ಮೊದಲೇ, ಪೆಡಲ್ ತುಳಿಯುತ್ತಿರುವಾಗಲೇ ಹಗುರ ಗೇರಿಗೆ ಬರಬೇಕು. ನಿಂತ ಮೇಲೆ ಲಿವರ್ ತಿರುಗಿಸಿದರೆ ಗೇರ್ ಬೀಳುವುದಿಲ್ಲ, ಹೊರಡುವಾಗ ಕಟಕಟ ಅಂದು ಚೈನ್ ಕಳಚುತ್ತದೆ. ಹೊರಡುವಾಗ ಬಲ ಪೆಡಲ್ ಮೇಲಕ್ಕೆ, ಗಡಿಯಾರದ ಎರಡು ಗಂಟೆ ಮುಳ್ಳಿನ ಕಡೆ ಇಟ್ಟುಕೊಂಡು ಒಮ್ಮೆ ಜೋರಾಗಿ ಒತ್ತಿರಿ. ಮೊದಲ ಆ ಒಂದು ತುಳಿತ ಸರಿಯಾದರೆ ಹ್ಯಾಂಡಲ್ ಅಲ್ಲಾಡುವುದಿಲ್ಲ.

ಬ್ರೇಕ್ ಎರಡೂ ಹಿಡಿಯಬೇಕು. ಯಾವ ಕೈಯದು ಮುಂದಿನ ಚಕ್ರಕ್ಕೆ ಅಂತ ನಿಲ್ಲಿಸಿಕೊಂಡು ನೋಡಿರಿ. ಮುಂದಿನದೊಂದನ್ನೇ ಗಪ್ಪನೆ ಹಿಡಿದರೆ ಹಿಂದಿನ ಚಕ್ರ ಆಕಾಶಕ್ಕೆ. ಧಾರವಾಡದ ಇಳಿಜಾರಿನಲ್ಲಿ ನನಗೆ ಈ ಪಾಠ ಎಂಟನೇ ವಯಸ್ಸಿಗೇ ಆಗಿದೆ, ಗುರುತು ಇನ್ನೂ ಗದ್ದದ ಮೇಲಿದೆ.

ಹನುಮಂತನಗರದ ಹೊಸಬಳು
ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗೇರಿನ ವಿಷಯ ನಿಜ, ನಾನು ಅದನ್ನು ಮುಟ್ಟೇ ಇಲ್ಲ. ಮಗಳು ಬಿಟ್ಟುಹೋದ ಗೇರಿನಲ್ಲೇ ಓಡಿಸುತ್ತಿದ್ದೇನೆ. ದಾರಿ ಯಾವುದು ಒಳ್ಳೆಯದು ಹೇಳಿ. ಗೂಗಲ್ ನೆಟ್ಟಗೆ ದೊಡ್ಡ ರಸ್ತೆಯನ್ನೇ ತೋರಿಸುತ್ತದೆ.

ಟಿಫನ್ ಡಬ್ಬಿ
ಬಸ್ಸು ಹೋಗುವ ದಾರಿ ಮರೆತುಬಿಡಿ. ಬಸವನಗುಡಿ ಒಳಗಿನ ಅಡ್ಡರಸ್ತೆಗಳಲ್ಲಿ ನೆಟ್ಟಕಲ್ಲಪ್ಪ ಸರ್ಕಲ್ ಕಡೆಗೆ ಬನ್ನಿ. ಅಲ್ಲಿಂದ ಸೌತ್ ಎಂಡ್ ಸರ್ಕಲ್ ಒಂದು ಕಷ್ಟ. ಅಲ್ಲಿ ಇಳಿದು ಜೀಬ್ರಾ ಪಟ್ಟಿ ಮೇಲೆ ತಳ್ಳಿಕೊಂಡು ದಾಟಿ, ನಾಚಿಕೆ ಏನೂ ಇಲ್ಲ, ಹತ್ತು ವರ್ಷದಿಂದ ಹೊಡೆಯುವ ನಾನೇ ಕೆಲವು ದಿನ ಹಾಗೆ ಮಾಡುತ್ತೇನೆ. ಆಮೇಲೆ ಜಯನಗರದ ಒಳರಸ್ತೆ, ನೆರಳೇ ನೆರಳು. ಮೊದಲು ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಇದೇ ದಾರಿಯಲ್ಲಿ ಹೋಗಿ ಬನ್ನಿ. ಗುಂಡಿ ಎಲ್ಲಿ, ಹಂಪ್ ಎಲ್ಲಿ ಅಂತ ಗೊತ್ತಾಗಿಬಿಟ್ಟರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹಳೇ ಪೇಟೆ
ಜಯನಗರದಲ್ಲಿ 2012ರಲ್ಲಿ ಸೈಕಲ್‌ಗೆ ಅಂತಲೇ ಪಥ ಮಾಡಿದ್ದರಲ್ಲ, ಅದೇನಾಯಿತು?

ಟಿಫನ್ ಡಬ್ಬಿ
ಕಾರು ನಿಲ್ಲಿಸಲು ಒಳ್ಳೆ ಜಾಗ ಆಯಿತು.

ಕಿರಿಕ್ ಪೆಡಲ್
2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಪಥದ ಕಥೆ ಶುರುಮಾಡಲಾ? ಬೇಡ, ನನ್ನ ಬಿಪಿ ಏರುತ್ತದೆ.

ಗಂಗೋತ್ರಿ ಗಾಳಿ
ಬೆಂಗಳೂರಿನವರಿಗೆ ಭಾನುವಾರ ಕಬ್ಬನ್ ಪಾರ್ಕ್ ಇದೆಯಲ್ಲ, ಒಳಗೆ ಗಾಡಿ ಬಿಡುವುದಿಲ್ಲ. ಅಲ್ಲಿ ಅಭ್ಯಾಸ ಮಾಡಬಹುದು.

ಮೂರನೇ ಕ್ರಾಸ್
ಅಲ್ಲಿಗೆ ಸೈಕಲ್ ತಲೆ ಮೇಲೆ ಹೊತ್ತುಕೊಂಡು ಹೋಗಬೇಕಾ? ಮೆಟ್ರೋದಲ್ಲಿ 2022ರಲ್ಲಿ ಬಿಟ್ಟದ್ದು ಮಡಚುವ ಸೈಕಲ್ ಮಾತ್ರ, ಅದೂ ಕೊನೇ ಬೋಗಿಯಲ್ಲಿ. ಇವರದು ಗೇರ್ ಸೈಕಲ್.

ಸಾರಿ ಗಾರ್ಡ್
ಅಕ್ಕ, ಬಸ್ಸಿನ ಬಗ್ಗೆ ಒಂದು. ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದರೆ ಅದರ ಎಡಕ್ಕೆ ನುಗ್ಗಲೇಬೇಡಿ. ಅದು ಎಡಕ್ಕೆ ಒತ್ತಿದರೆ ನೀವು ಫುಟ್‌ಪಾತಿಗೂ ಬಸ್ಸಿಗೂ ನಡುವೆ ಚಟ್ನಿ. ಜನ ಇಳಿಯುವುದೂ ಆ ಕಡೆಗೇ. ಹಿಂದೆ ನಿಂತುಬಿಡಿ, ಅರ್ಧ ನಿಮಿಷದ ಮಾತು. ಡ್ರೈವರ್ ಕನ್ನಡಿಯಲ್ಲಿ ಅವರ ಮುಖ ನಿಮಗೆ ಕಾಣಲಿಲ್ಲ ಅಂದರೆ ಅವರಿಗೂ ನೀವು ಕಾಣುವುದಿಲ್ಲ. ಹಾರನ್‌ಗೆ ಹೆದರಬೇಡಿ, ಎಷ್ಟೋ ಸಲ "ನಾನು ಬರುತ್ತಿದ್ದೇನೆ" ಅಂತ ಹೇಳುವುದಷ್ಟೇ. ಹಾರನ್ ಕೇಳಿದ ಕೂಡಲೇ ಎಡಕ್ಕೆ ಎಳೆಯುವ ಅಭ್ಯಾಸ ಬಿಡಬೇಕು. ನೇರ ಹೋಗಿ, ಅಷ್ಟೇ.

ಕುಡ್ಲದ ಮಳೆ
ಮಳೆ ಬಗ್ಗೆ ಮಂಗಳೂರಿನವರನ್ನು ಕೇಳಿ ಮಾರಾಯ್ರೆ. ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟಿಯ ಬಣ್ಣ, ಉದುರಿದ ಹೂವು, ಇವು ಮೂರೂ ಒದ್ದೆಯಾದರೆ ಸೋಪು. ಅವುಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಹಾಕಬೇಡಿ, ನೇರ ದಾಟಿ. ರಿಮ್ಮಿಗೆ ಹಿಡಿಯುವ ಬ್ರೇಕ್ ಆದರೆ ನೀರು ಒರೆಸಿಕೊಂಡ ಮೇಲೆಯೇ ಕಚ್ಚುವುದು, ಹಾಗಾಗಿ ಸ್ವಲ್ಪ ಮೊದಲೇ ಹಿಡಿಯಿರಿ. ನೀರು ನಿಂತ ಜಾಗಕ್ಕೆ ಇಳಿಯುವ ಮುಂಚೆ ಬೇರೆ ಗಾಡಿ ಹೋಗಲಿ, ಅದು ಎಷ್ಟು ಮುಳುಗುತ್ತದೆ ಅಂತ ನೋಡಿ.

ಹಳೇ ಪೇಟೆ
ನಾಯಿ ಅಟ್ಟಿಸಿಕೊಂಡು ಬಂದರೆ?

ಧಾರವಾಡದ ಏರು
ಜೋರಾಗಿ ತುಳಿದಷ್ಟೂ ಅದಕ್ಕೆ ಹುಮ್ಮಸ್ಸು. ತುಳಿಯುವುದು ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ನೂರಕ್ಕೆ ತೊಂಬತ್ತು ಸಲ ಅದಕ್ಕೇ ಬೇಜಾರಾಗಿ ಹೋಗುತ್ತದೆ.

ಕಿರಿಕ್ ಪೆಡಲ್
ಉಳಿದ ಹತ್ತು ಸಲ?

ಧಾರವಾಡದ ಏರು
ಬಿಸ್ಕತ್ತು.

ಹನುಮಂತನಗರದ ಹೊಸಬಳು
ಮೂರು ವಾರ ಆಯಿತು, ಏನಾಯಿತು ಹೇಳುತ್ತೇನೆ.

ಗೆರೆ ಎಳೆದು ಬೆರಳು ಎಣಿಸುವ ಆಟ ಆಡಿದೆವು. ಮೊದಲ ದಿನ ಯಜಮಾನರು ಮೂರು ಎತ್ತಿದರೆ ನಾನು ಐದು ಅನ್ನುತ್ತಿದ್ದೆ, ಸೈಕಲ್ ಮತ್ತೆ ಅದೇ ಕಂಬದ ಕಡೆ ಹೋಗುತ್ತಿತ್ತು. ಕ್ರಿಕೆಟ್ ಆಡುವ ಹುಡುಗರು ಆಟ ನಿಲ್ಲಿಸಿ "ಆಂಟಿ, ನಾಲ್ಕು, ನಾಲ್ಕು" ಅಂತ ಕೂಗಲು ಶುರುಮಾಡಿದರು. ಕೈ ತೊಡೆ ಮೇಲಿಟ್ಟು ನೋಡಿದಾಗ ಸರಿಹೋಯಿತು. ಎರಡು ಭಾನುವಾರ ಬೆಳಿಗ್ಗೆ ದಾರಿ ನೋಡಿಕೊಂಡು ಬಂದೆ. ನಾಲ್ಕು ಕಿಲೋಮೀಟರಿಗೆ ಹದಿನೇಳು ಹಂಪ್, ಎಣಿಸಿದ್ದೇನೆ.

ಈ ಬುಧವಾರ ಆಫೀಸಿಗೆ ಹೋದೆ. ಮುಂದೆ ಒಂದು ಗೂಡ್ಸ್ ಆಟೋ ಎಡಕ್ಕೆ ನಿಂತಿತ್ತು, ನಾನು ಬಲಕ್ಕೆ ಬರಬೇಕು. ಹಿಂದೆ ತಿರುಗಿ ನೋಡಿದೆ. ಬಸ್ಸು ಇತ್ತು, ಇನ್ನೂ ದೂರ. ಕೈ ಚಾಚಿದೆ. ಕೈ ನಡುಗುತ್ತಿತ್ತು, ಬಳೆ ಸದ್ದು ನನಗೇ ಕೇಳುತ್ತಿತ್ತು. ಬಸ್ಸಿನವರು ನಿಧಾನ ಮಾಡಿದರು. ನಿಜವಾಗಿ ಮಾಡಿದರು! ಇಷ್ಟು ದೊಡ್ಡ ಬಸ್ಸು ನನ್ನ ಕೈ ನೋಡಿ ನಿಧಾನ ಆಯಿತು ಅನ್ನುವ ಖುಷಿಯಲ್ಲಿ ಕೈ ವಾಪಸ್ ಹ್ಯಾಂಡಲ್ ಮೇಲೆ ಇಡುವುದನ್ನೇ ಮರೆತು ಸ್ವಲ್ಪ ದೂರ ಹಾಗೆಯೇ ಹೋದೆ. ಸೌತ್ ಎಂಡ್‌ನಲ್ಲಿ ಇಳಿದು ತಳ್ಳಿದೆ. ಒಟ್ಟು ಮೂವತ್ತೈದು ನಿಮಿಷ. ಬಸ್ಸಿನಲ್ಲೂ ಅಷ್ಟೇ ಆಗುತ್ತಿತ್ತು.

ಸಂಜೆ ವಾಪಸ್ ಬರುವಾಗ ಮನೆಗೆ ಇನ್ನೆರಡು ಬೀದಿ ಇದೆ ಅನ್ನುವಾಗ ಹಿಂದಿನ ಚಕ್ರದ ಗಾಳಿ ಹೋಯಿತು. ತಳ್ಳಿಕೊಂಡು ಬಂದೆ. ಹಾಲಿನ ಬೂತಿನವರು ನೋಡಿ ನಕ್ಕರು. ಈ ಸಲ ನಿಜವಾಗಿಯೂ ಪಂಕ್ಚರ್ ಅಂದರೆ ನಂಬಲೇ ಇಲ್ಲ.

ಟಿಫನ್ ಡಬ್ಬಿ
😂😂 ಬಳೆ ಸದ್ದು ಓದಿ ಖುಷಿಯಾಯಿತು ಮೇಡಂ.

ಸಾರಿ ಗಾರ್ಡ್
ಅಕ್ಕ, ಸಂಜೆ ಹೋಗುವುದಾದರೆ ಹಿಂದೆ ಕೆಂಪು ಲೈಟ್, ಮುಂದೆ ಬಿಳಿ ಲೈಟ್ ಹಾಕಿಸಿ. ಇವತ್ತೇ. ಮಗಳಿಗೆ ಹೇಳಿದಿರಾ?

ಹನುಮಂತನಗರದ ಹೊಸಬಳು
ಹೇಳಿದೆ. "ಅಮ್ಮ, ರಜೆಗೆ ಬಂದಾಗ ನನಗೆ ಸೈಕಲ್ ಬೇಕು" ಅಂದಳು. ಕೊಡುವುದಿಲ್ಲ ಅಂದೆ.

ಕಡ್ಡಿ ಪೈಲ್ವಾನ್
ಪಂಕ್ಚರೇನಾ ಅಂತ ಮೊದಲು ನೋಡಿ. ವಾಲ್ ಯಾವ ಥರದ್ದು? ಬೈಕಿನ ಥರ ದಪ್ಪಗಿದ್ದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ಹಿಡಿಸಬಹುದು. ಹಳೇ ಸೈಕಲ್ ಥರದ್ದಾದರೆ ಒಳಗಿನ ವಾಲ್ ಟ್ಯೂಬ್ ಹರಿದಿರುತ್ತದೆ, ಎರಡು ನಿಮಿಷದ ಕೆಲಸ. ಗಾಳಿ ಹೊಡೆದು ವಾಲಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ ಹೇಳಿ.